ಮಳೆ, ಬಾವಿ, ಜ್ವರ: ಕೊಡಗಿನ ಲೆಕ್ಕದಲ್ಲಿ ಯಾರು ಬಿಟ್ಟುಹೋಗುತ್ತಾರೆ?

ನಮ್ಮ ಮನೆ ಬಾವಿ ನೀರಿನ ಬಗ್ಗೆ ಅಮ್ಮನಿಗೆ ವಿಪರೀತ ಜಂಬ. ಮೈಸೂರಿನಿಂದ ನೆಂಟರು ಬಂದರೆ ಕಾಫಿಗಿಂತ ಮೊದಲು ಒಂದು ಲೋಟ ನೀರು ಕೈಗಿಟ್ಟು, "ಕುಡಿದು ನೋಡಿ, ನಿಮ್ಮ ಫಿಲ್ಟರ್ ನೀರು ಇದರ ಮುಂದೆ ಏನೂ ಅಲ್ಲ" ಅಂತಾರೆ. ತಣ್ಣಗೆ, ತಿಳಿಯಾಗಿ ಇರುತ್ತದೆ, ಸುಳ್ಳಲ್ಲ. ಎರಡು ವರ್ಷದ ಹಿಂದೆ, ಜುಲೈ ತಿಂಗಳು, ನೀರು ಪರೀಕ್ಷೆಯ ತರಬೇತಿ ಪಡೆದಿದ್ದ ಪಕ್ಕದ ಮನೆ ಅಕ್ಕ ಒಂದು ಪುಟ್ಟ ಬಾಟಲಿ ತಂದರು. ಅದೇ ಬಾವಿ ನೀರನ್ನು ಗೆರೆವರೆಗೆ ತುಂಬಿ, ಮುಚ್ಚಳ ಬಿಗಿ ಮಾಡಿ, "ಬೆಚ್ಚಗಿರೋ ಕಡೆ ಇಡಿ, ನಾಳೆ ನೋಡೋಣ" ಅಂದರು. ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಬೆಚ್ಚಗಿರುವ ಜಾಗ ಅಂದರೆ ಅಡುಗೆಮನೆ ಒಲೆ ಪಕ್ಕದ ಗೂಡು ಒಂದೇ. ಅಲ್ಲಿಟ್ಟೆವು. ಮಾರನೇ ದಿನ ಬೆಳಿಗ್ಗೆ ನೋಡಿದರೆ ನೀರು ಡಿಕಾಕ್ಷನ್ ಹಾಗೆ ಕಪ್ಪು.

ಅಮ್ಮ ಮೊದಲು ಅನುಮಾನಪಟ್ಟಿದ್ದು ಬಾಟಲಿಯನ್ನು. "ನಿಮ್ಮ ಅಜ್ಜನ ಕಾಲದಿಂದ ಇದೇ ನೀರು ಕುಡೀತಿದ್ದೀವಿ, ಯಾರಿಗೆ ಏನಾಗಿದೆ?"

ಸರಿಯಾದ ಪ್ರಶ್ನೆ ಅದು. ಯಾರಿಗೆ ಏನಾಗಿದೆ, ಯಾವಾಗ ಆಗಿದೆ, ಅದು ಈ ನೀರಿನಿಂದಲೇ ಆಗಿದ್ದಾ? ಹವಾಮಾನ, ನೀರು, ಆರೋಗ್ಯ ಅಂತ ದೊಡ್ಡ ದೊಡ್ಡ ಹೆಸರಿಟ್ಟುಕೊಂಡು ನಡೆಯುವ ಸಂಶೋಧನೆಗಳೆಲ್ಲ ಕೊನೆಗೆ ಅಮ್ಮನ ಈ ಪ್ರಶ್ನೆಗೆ ಉತ್ತರ ಹುಡುಕುತ್ತಿರುತ್ತವೆ. ಉತ್ತರ ಕೊಡುವುದು ಯಾಕೆ ಕಷ್ಟ, ಅದರಲ್ಲೂ ಕಾಫಿ ತೋಟದ ಕಾರ್ಮಿಕರು ಇರುವ ಲೈನ್ ಮನೆ, ಆದಿವಾಸಿಗಳ ಹಾಡಿಗಳ ವಿಷಯದಲ್ಲಿ ಯಾಕೆ ಇನ್ನೂ ಕಷ್ಟ ಅಂತ ನಮ್ಮ ಕೊಡಗನ್ನೇ ಇಟ್ಟುಕೊಂಡು ಹೇಳಲು ನೋಡುತ್ತೇನೆ.

ಮೊದಲು ಆ ಬಾಟಲಿ. ಅದರಲ್ಲಿ ಜಾದೂ ಏನಿಲ್ಲ. ಮನುಷ್ಯರ, ದನಗಳ ಕರುಳಿನಲ್ಲಿರುವ ಕೆಲವು ಬ್ಯಾಕ್ಟೀರಿಯಾಗಳು ಹೈಡ್ರೋಜನ್ ಸಲ್ಫೈಡ್ ಅನ್ನುವ ಅನಿಲ ಬಿಡುತ್ತವೆ. ಕೊಳೆತ ಮೊಟ್ಟೆ ವಾಸನೆ ಇದೆಯಲ್ಲ, ಅದೇ. ಬಾಟಲಿ ಒಳಗೆ ಮೊದಲೇ ಒಣಗಿಸಿಟ್ಟ ಪೋಷಕಾಂಶದಲ್ಲಿ ಕಬ್ಬಿಣದ ಅಂಶ ಇರುತ್ತದೆ. ಅನಿಲವೂ ಕಬ್ಬಿಣವೂ ಸೇರಿದರೆ ಕಪ್ಪು ಬಣ್ಣ. 24ರಿಂದ 48 ಗಂಟೆ ಕಾದರೆ ಗೊತ್ತಾಗುತ್ತದೆ, ಚಳಿ ಜಾಸ್ತಿ ಇದ್ದರೆ ಇನ್ನೂ ನಿಧಾನ. ಇದನ್ನು 1982ರಲ್ಲಿ ಜಗತ್ತಿಗೆ ಕೊಟ್ಟವರು ನಮ್ಮ ದೇಶದ ವಿಜ್ಞಾನಿಗಳೇ. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್, ನಮ್ಮ ರಾಜ್ಯದಲ್ಲಿ ಮನೆ ಮನೆಗೆ ಗಂಗೆ ಅಂತ ಕರೆಯುತ್ತಾರಲ್ಲ, ಅದರಲ್ಲಿ ಊರಿಗೆ ಐದು ಹೆಂಗಸರಿಗೆ ನೀರು ಪರೀಕ್ಷೆಯ ತರಬೇತಿ ಕೊಡಬೇಕು ಅಂತ ಇದೆ.

ಬಾಟಲಿಗೆ ಮಿತಿಯೂ ಇದೆ. ಕಪ್ಪಾದರೆ "ಮಲದ ಅಂಶ ಸೇರಿರಬಹುದು" ಅಂತಷ್ಟೇ ಹೇಳುತ್ತದೆ. ಎಷ್ಟು ಸೇರಿದೆ, ಯಾರದು, ದನದ್ದಾ ಮನುಷ್ಯರದ್ದಾ ಅಂತ ಹೇಳುವುದಿಲ್ಲ. ಒಮ್ಮೊಮ್ಮೆ ಮಣ್ಣಿನಲ್ಲಿರುವ ಬೇರೆ ಬ್ಯಾಕ್ಟೀರಿಯಾದಿಂದಲೂ ಕಪ್ಪಾಗುತ್ತದೆ. ಕಪ್ಪಾಗದಿದ್ದರೆ ವೈರಸ್ ಇಲ್ಲ ಅಂತಲೂ ಅಲ್ಲ. ಅದಕ್ಕೇ ಸಂಶೋಧಕರು ಇದರ ಜೊತೆಗೆ ಪ್ರಯೋಗಾಲಯದಲ್ಲಿ 100 ಮಿಲಿಲೀಟರ್ ನೀರಿನಲ್ಲಿ ಎಷ್ಟು ಇ-ಕೋಲೈ (ಕರುಳಿನಲ್ಲಿರುವ ಒಂದು ಬ್ಯಾಕ್ಟೀರಿಯಾ) ಇದೆ ಅಂತ ಎಣಿಸುತ್ತಾರೆ. ಭಾರತೀಯ ಮಾನದಂಡದ ಪ್ರಕಾರ ಕುಡಿಯುವ ನೀರಿನಲ್ಲಿ ಅದು ಒಂದೂ ಇರಬಾರದು.

ಈಗ ಮಳೆಗೆ ಬರೋಣ. ಕೊಡಗಿನವರಿಗೆ ಮಳೆ ಅಳೆಯುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಇಲ್ಲಿ ತೋಟದ ಮನೆಗಳ ಅಂಗಳದಲ್ಲಿ ಮಳೆ ಮಾಪಕ ಇರುತ್ತದೆ, ಒಳಗೆ ಒಂದು ಡೈರಿ ಇರುತ್ತದೆ. ಬೆಳಿಗ್ಗೆ ಇಬ್ಬರು ಸಿಕ್ಕರೆ ಮೊದಲ ಮಾತೇ "ನಿಮ್ಮಲ್ಲಿ ಎಷ್ಟು?" "ನಾಲ್ಕು ಇಂಚು ಇಪ್ಪತ್ತು ಸೆಂಟ್." ಒಂದು ಇಂಚು ಅಂದರೆ ನೂರು ಸೆಂಟ್, 25.4 ಮಿಲಿಮೀಟರ್. ಅಪ್ಪ-ಅಜ್ಜನ ಕಾಲದಿಂದ ಒಂದು ದಿನವೂ ಬಿಡದೆ ಬರೆದ ಡೈರಿಗಳು ಕೆಲವು ಮನೆಗಳಲ್ಲಿವೆ. ಹವಾಮಾನ ಇಲಾಖೆಯ ಮಾಪಕಗಳು ಬೆರಳೆಣಿಕೆಯಷ್ಟು ಇರುವ ಜಾಗದಲ್ಲಿ ಈ ಡೈರಿಗಳು ಸಂಶೋಧಕರಿಗೆ ಚಿನ್ನ ಇದ್ದ ಹಾಗೆ. ಯಾಕೆಂದರೆ ಕೊಡಗಿನಲ್ಲಿ ಜಿಲ್ಲೆಯ ಸರಾಸರಿ ಮಳೆ ಅನ್ನುವುದಕ್ಕೆ ಅರ್ಥವೇ ಇಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ದಾಟುತ್ತದೆ, ಭಾಗಮಂಡಲದ ಕಡೆ ಅದಕ್ಕಿಂತಲೂ ಎಷ್ಟೋ ಜಾಸ್ತಿ, ಮಡಿಕೇರಿಯಿಂದ ಬಸ್ಸಿನಲ್ಲಿ ಒಂದು ಗಂಟೆ ಇಳಿದು ಕುಶಾಲನಗರಕ್ಕೆ ಬಂದರೆ ಅದರ ಅರ್ಧವೂ ಇಲ್ಲ.

ಇನ್ನೊಂದು ವಿಷಯ: ವರ್ಷದ ಒಟ್ಟು ಮಳೆಗಿಂತ ಅದು ಬಿದ್ದ ರೀತಿ ಮುಖ್ಯ. ನೂರು ಇಂಚು ಮಳೆ ಮೂರು ತಿಂಗಳು ಜಿಟಿಜಿಟಿ ಬಿದ್ದರೆ ಕಾಡು, ತೋಟ, ಗದ್ದೆ ಎಲ್ಲ ಸೇರಿ ಕುಡಿದುಕೊಳ್ಳುತ್ತವೆ. ಅದರಲ್ಲಿ ಅರ್ಧ ಹತ್ತೇ ದಿನದಲ್ಲಿ ಸುರಿದರೆ ಬೆಟ್ಟಕ್ಕೆ ತಡೆದುಕೊಳ್ಳಲು ಆಗುವುದಿಲ್ಲ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಜಾಸ್ತಿ ತೇವ ಹಿಡಿದಿಟ್ಟುಕೊಳ್ಳಬಲ್ಲದು. ಇದು ಶುದ್ಧ ಭೌತಶಾಸ್ತ್ರ, ಇದರಲ್ಲಿ ಜಗಳ ಇಲ್ಲ. ಹಿಡಿದಿಟ್ಟದ್ದನ್ನು ಒಮ್ಮೆಲೇ ಬಿಟ್ಟಾಗ ಎಂಟು ಇಂಚಿನ ದಿನಗಳು ಬರುತ್ತವೆ. ಇಲಾಖೆ ಭಾಷೆಯಲ್ಲಿ 24 ಗಂಟೆಯಲ್ಲಿ 204.4 ಮಿಲಿಮೀಟರ್ ದಾಟಿದರೆ ಅದು ಅತಿ ಹೆಚ್ಚಿನ ವರ್ಗದ ಮಳೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಮಾದಾಪುರ ಕಡೆ ಗುಡ್ಡ ಕುಸಿದದ್ದು, 2019ರಲ್ಲಿ ತೋರ ಗ್ರಾಮ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ, ಮೂರೂ ಆಗಸ್ಟ್‌ನಲ್ಲೇ. ಮಳೆ ಒಂದೇ ಕಾರಣ ಅಂತ ನಾನು ಹೇಳುತ್ತಿಲ್ಲ. ಇಳಿಜಾರು ಕಡಿದು ಮಾಡಿದ ರಸ್ತೆ, ಮನೆ, ರೆಸಾರ್ಟ್‌ಗಳ ಪಾಲು ಎಷ್ಟು ಅಂತ ವಾದ ಇನ್ನೂ ನಡೆಯುತ್ತಲೇ ಇದೆ.

ಕುಸಿತ ಪತ್ರಿಕೆಯ ಮುಖಪುಟಕ್ಕೆ ಬರುತ್ತದೆ. ಬಾವಿ ಬರುವುದಿಲ್ಲ. ಆದರೆ ಅದೇ ಮಳೆ ಸದ್ದಿಲ್ಲದೆ ಇನ್ನೊಂದು ಕೆಲಸ ಮಾಡುತ್ತಿರುತ್ತದೆ.

ಬಾವಿಗೂ ಕಕ್ಕಸು ಗುಂಡಿಗೂ ಕನಿಷ್ಠ 15 ಮೀಟರ್, ಅಂದರೆ 50 ಅಡಿ ದೂರ ಇರಬೇಕು ಅಂತ ಪಠ್ಯಪುಸ್ತಕದಲ್ಲಿದೆ. ಗುಂಡಿಯಿಂದ ಇಂಗಿದ ನೀರು ಮಣ್ಣಿನಲ್ಲಿ ನಿಧಾನಕ್ಕೆ ಸಾಗುವಾಗ ಬ್ಯಾಕ್ಟೀರಿಯಾ ಸಾಯುತ್ತವೆ ಅನ್ನುವ ಲೆಕ್ಕ ಅದು. ಬಯಲುಸೀಮೆಯ ಸಪಾಟು ನೆಲಕ್ಕೆ ಇದು ಸುಮಾರಾಗಿ ಒಪ್ಪುತ್ತದೆ. ನಮ್ಮಲ್ಲಿ ಸಪಾಟು ನೆಲ ಎಲ್ಲಿದೆ? ಮನೆ ಮೇಲೆ ಇರುತ್ತದೆ, ಬಾವಿ ಕೆಳಗೆ ಗದ್ದೆ ಅಂಚಿನಲ್ಲಿ ಇರುತ್ತದೆ, ಯಾಕೆಂದರೆ ನೀರು ಸಿಗುವುದೇ ಅಲ್ಲಿ. ಗುಂಡಿ ಮನೆ ಹಿತ್ತಲಲ್ಲಿ, ಅಂದರೆ ಬಾವಿಗಿಂತ ಎತ್ತರದಲ್ಲಿ. ಬೇಸಿಗೆಯಲ್ಲಿ ಬಾವಿಯ ನೀರು ತಳದಲ್ಲಿರುತ್ತದೆ, ಗುಂಡಿಗೂ ಅಂತರ್ಜಲಕ್ಕೂ ನಡುವೆ ಬೇಕಾದಷ್ಟು ಒಣ ಮಣ್ಣು ಇರುತ್ತದೆ. ಜುಲೈನಲ್ಲಿ ನಮ್ಮ ಬಾವಿಯ ನೀರನ್ನು ಬಗ್ಗಿ ಚೊಂಬಿನಿಂದಲೇ ಮೊಗೆಯಬಹುದು. ಅಂದರೆ ನೆಲದಡಿಯ ನೀರು ಅಷ್ಟು ಮೇಲೆ ಬಂದಿದೆ, ಗುಂಡಿಯ ತಳವನ್ನೇ ಮುಟ್ಟಿದೆ. ನಡುವೆ ಸೋಸುವ ಮಣ್ಣೇ ಇಲ್ಲ. ಅಮ್ಮನ ಕನ್ನಡಿಯಂಥ ನೀರು ಕಪ್ಪಾದದ್ದು ಹೀಗೇ ಇರಬೇಕು. ಮಾರ್ಚ್‌ನಲ್ಲಿ ಅದೇ ಬಾವಿ ಪರೀಕ್ಷೆ ಮಾಡಿದಾಗ ಬಾಟಲಿಯ ಬಣ್ಣ ಬದಲಾಗಲೇ ಇಲ್ಲ. ವರ್ಷಕ್ಕೆ ಒಂದೇ ಸಲ, ಅದೂ ಓಡಾಟಕ್ಕೆ ಅನುಕೂಲ ಅಂತ ಬೇಸಿಗೆಯಲ್ಲಿ ನೀರು ಪರೀಕ್ಷೆ ಮಾಡಿ "ಸುರಕ್ಷಿತ" ಅಂತ ಬರೆದುಕೊಂಡು ಹೋದರೆ ಏನಾಗುತ್ತದೆ ಅಂತ ಈಗ ಗೊತ್ತಾಯಿತಲ್ವಾ?

ಹಾಗಾದರೆ ಜಾಸ್ತಿ ಮಳೆ ಬಂದರೆ ಜಾಸ್ತಿ ಭೇದಿ ಅಂತ ನೇರ ಲೆಕ್ಕ ಹಾಕಬಹುದಾ? ಇಲ್ಲ, ಇಲ್ಲೇ ವಿಷಯ ಕುತೂಹಲದ್ದಾಗುವುದು. ಎಕ್ವಡಾರ್ ದೇಶದ ಹಳ್ಳಿಗಳಲ್ಲಿ ಮನೆ ಮನೆಗೆ ಹೋಗಿ ಲೆಕ್ಕ ಹಿಡಿದು, 2014ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ಒಣಗಿದ ದಿನಗಳ ನಂತರ ಜೋರು ಮಳೆ ಬಂದಾಗ ಭೇದಿ ಜಾಸ್ತಿಯಾಯಿತು. ಮೊದಲೇ ಮಳೆ ಹಿಡಿದಿದ್ದಾಗ ಮತ್ತೆ ಜೋರು ಮಳೆ ಬಂದರೆ ಭೇದಿ ಕಡಿಮೆಯಾಯಿತು! ಒಣ ದಿನಗಳಲ್ಲಿ ನೆಲದ ಮೇಲೆ ಕೂಡಿಕೊಂಡ ಕೊಳೆಯನ್ನೆಲ್ಲ ಮೊದಲ ಮಳೆ ಗುಡಿಸಿ ನೀರಿಗೆ ಹಾಕುತ್ತದೆ, ಆಮೇಲಿನ ಮಳೆ ಅದನ್ನು ತೆಳು ಮಾಡಿ ಕೊಚ್ಚಿಕೊಂಡು ಹೋಗುತ್ತದೆ ಅನ್ನುವುದು ಅವರ ವಿವರಣೆ. ತೋಡಿನ, ಅಂದರೆ ಸಣ್ಣ ಹಳ್ಳದ ನೀರು ಕುಡಿಯುವವರಿಗೆ ಇದು ಹೊಂದುತ್ತದೆ. ನಮ್ಮ ಬಾವಿಯಂಥ ಕಡೆ ನಡು ಮಳೆಗಾಲವೇ ಕೆಟ್ಟ ಕಾಲ ಆಗಿರಬಹುದು. ಅದಕ್ಕೇ ಒಂದು ದೇಶದ ಫಲಿತಾಂಶವನ್ನು ಹಾಗೇ ಎತ್ತಿ ಇಲ್ಲಿಗೆ ತಂದು ಇಡಲು ಆಗುವುದಿಲ್ಲ. ಇಲ್ಲಿನ ನೆಲ, ಇಲ್ಲಿನ ನೀರಿನ ಮೂಲ, ಇಲ್ಲಿನ ತಿಂಗಳು ನೋಡಿ ಮತ್ತೆ ಅಳೆಯಬೇಕು.

ಕೊಡಗಿನಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ: ಕಾಫಿ. ಅರೇಬಿಕಾ ಹಣ್ಣನ್ನು ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರಕ್ಕೆ ಹಾಕಿ ತೊಳೆಯುವುದು ಚಳಿಗಾಲದಲ್ಲಿ, ಹೊಳೆ ತೋಡುಗಳಲ್ಲಿ ನೀರು ಇಳಿಯುತ್ತಾ ಬರುವ ಹೊತ್ತಿಗೆ. ಪಲ್ಪಿಂಗ್ ನೀರನ್ನು ಗುಂಡಿಯಲ್ಲಿ ನಿಲ್ಲಿಸಿ ಶುದ್ಧ ಮಾಡಬೇಕು ಅಂತ ನಿಯಮ ಇದೆ. ಅದನ್ನು ತೋಡಿಗೆ ಬಿಟ್ಟರೆ ಅದರಲ್ಲಿರುವ ಸಕ್ಕರೆ ಅಂಶ ತಿನ್ನಲು ಸೂಕ್ಷ್ಮಜೀವಿಗಳು ಮುಗಿಬೀಳುತ್ತವೆ, ತಿನ್ನುತ್ತಾ ನೀರಿನ ಆಮ್ಲಜನಕ ಖಾಲಿ ಮಾಡುತ್ತವೆ, ಮೀನು ಸಾಯುತ್ತವೆ, ನೀರು ಹುಳಿ ವಾಸನೆ ಹೊಡೆಯುತ್ತದೆ. ಅಷ್ಟರಲ್ಲಿ ಫೆಬ್ರವರಿ ಬರುತ್ತದೆ, ರೊಬಸ್ಟಾ ಹೂವಿಗೆ ಸ್ಪ್ರಿಂಕ್ಲರ್ ಹಾಕಬೇಕು, ಕೆರೆ ಹೊಳೆಗಳಿಗೆ ಪಂಪು ಇಳಿಯುತ್ತವೆ. ಹೂ ಮಳೆ ಸಮಯಕ್ಕೆ ಬಂದರೆ ಎಲ್ಲರಿಗೂ ನೆಮ್ಮದಿ. ಬಾರದಿದ್ದರೆ ಪಂಪು ಇನ್ನೂ ಒಂದಷ್ಟು ದಿನ ಓಡುತ್ತದೆ. 2023ರ ಮುಂಗಾರು ಕೈಕೊಟ್ಟ ನಂತರದ ಬೇಸಿಗೆಯಲ್ಲಿ ಕಾವೇರಿಯಲ್ಲಿ ನೀರಿಗಿಂತ ಬಂಡೆಯೇ ಜಾಸ್ತಿ ಕಾಣುತ್ತಿತ್ತು. ಸ್ವಂತ ಬೋರ್‌ವೆಲ್ ಇದ್ದವರಿಗೆ ಹೇಗೋ ನಡೆಯುತ್ತದೆ. ತೋಡನ್ನೇ ನಂಬಿದ ಲೈನ್ ಮನೆಯವರು ಕೊಡ ಹಿಡಿದು ಇನ್ನೂ ಕೆಳಗೆ, ಇನ್ನೂ ಕೆಟ್ಟ ನೀರಿಗೆ ಹೋಗಬೇಕು.

ಬರಗಾಲದಲ್ಲಿ ಡೆಂಗಿ ಬರಲ್ಲ ಅಂದುಕೊಂಡರೆ ಅದೂ ತಪ್ಪು. ನಲ್ಲಿ ನೀರು ವಾರಕ್ಕೊಮ್ಮೆ ಬಂದರೆ ಜನ ಡ್ರಮ್ಮಿನಲ್ಲಿ ತುಂಬಿಡುತ್ತಾರೆ, ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಬೇಕಾದದ್ದು ಅದೇ. ಅದರ ಮೊಟ್ಟೆ ಡ್ರಮ್ಮಿನ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಒಣಗಿದ್ದರೂ ಸಾಯುವುದಿಲ್ಲ. ನೀರು ಬಿದ್ದ ಮೇಲೆ ಒಂದೂವರೆ ವಾರದೊಳಗೆ ಸೊಳ್ಳೆ ರೆಡಿ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿದ್ದು ನೆನಪಿರಬಹುದು.

ಆದರೆ ನನ್ನ ಕೇಳಿದರೆ, ಮಳೆ ಮತ್ತು ರೋಗದ ನಡುವಿನ ದಾರಿ ಎಷ್ಟು ಸುತ್ತುಬಳಸಿನದು ಅಂತ ತಿಳಿಯಲು ಇಲಿ ಜ್ವರಕ್ಕಿಂತ ಒಳ್ಳೆ ಉದಾಹರಣೆ ಇಲ್ಲ. ಲೆಪ್ಟೋಸ್ಪೈರಾ ಅನ್ನುವ ಬ್ಯಾಕ್ಟೀರಿಯಾ ಇಲಿ, ಹೆಗ್ಗಣ, ದನ, ನಾಯಿಗಳ ಮೂತ್ರದಲ್ಲಿ ಹೊರಬರುತ್ತದೆ. ಕೆಸರು, ನಿಂತ ನೀರಿನಲ್ಲಿ ವಾರಗಟ್ಟಲೆ ಬದುಕುತ್ತದೆ. ಅಲ್ಲಿ ಬರಿಗಾಲಲ್ಲಿ ನಿಂತವರ ಕಾಲಿನ ಬಿರುಕಿನಿಂದ, ಮುಳ್ಳು ತರಚಿದ ಗಾಯದಿಂದ, ಜಿಗಣೆ ಕಚ್ಚಿದ್ದನ್ನು ಕೆರೆದುಕೊಂಡ ಜಾಗದಿಂದ ಒಳಗೆ ಹೋಗುತ್ತದೆ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 10 ಲಕ್ಷ ಜನರಿಗೆ ಬರುತ್ತದೆ, 59 ಸಾವಿರದ ಹತ್ತಿರ ಸಾಯುತ್ತಾರೆ ಅಂತ 2015ರ ಒಂದು ಅಂದಾಜು. 2018ರಲ್ಲಿ ಪಕ್ಕದ ಕೇರಳದಲ್ಲಿ ಪ್ರವಾಹ ಇಳಿದ ಮೇಲೆ ಇದು ಎದ್ದಿತು, ಅಲ್ಲಿನ ಸರ್ಕಾರ ನೀರಿಗೆ ಇಳಿದವರಿಗೆಲ್ಲ ಡಾಕ್ಸಿಸೈಕ್ಲಿನ್ ಅನ್ನುವ ಆಂಟಿಬಯೋಟಿಕ್ ಮಾತ್ರೆ ಹಂಚಿತು.

ಈಗ ನೋಡಿ. ಒಬ್ಬ ಕಾರ್ಮಿಕ ಆಗಸ್ಟ್ 1ರಂದು ನೀರು ನಿಂತ ಗದ್ದೆಯಲ್ಲಿ ಕೆಲಸ ಮಾಡಿದ ಅಂದುಕೊಳ್ಳಿ. ಜ್ವರ ಅದೇ ದಿನ ಬರುವುದಿಲ್ಲ. ಸಾಮಾನ್ಯವಾಗಿ 5ರಿಂದ 14 ದಿನ ಬೇಕು, ಕೆಲವರಿಗೆ ತಿಂಗಳೇ ಆಗಬಹುದು. ಜ್ವರ ಬಂದಾಗ ಮಳೆ ಬಿಟ್ಟು ಬಿಸಿಲು ಬಂದಿರುತ್ತದೆ, ಗದ್ದೆ ಮರೆತು ಹೋಗಿರುತ್ತದೆ. ಮೊದಲ ಎರಡು ದಿನ ಮೈಕೈ ನೋವು, ತಲೆನೋವು, ಮೀನಖಂಡ ಹಿಡಿದು ಹಿಂಡಿದ ಹಾಗೆ, ಕಣ್ಣು ಕೆಂಪು. "ಮಳೆಯಲ್ಲಿ ನೆಂದಿದ್ದಕ್ಕೆ" ಅಂತ ಮೆಡಿಕಲ್ ಶಾಪಿನಿಂದ ಎರಡು ಮಾತ್ರೆ. ಮೂರನೇ ದಿನ ಆಸ್ಪತ್ರೆಗೆ ಹೋಗಿ ರಕ್ತ ಕೊಟ್ಟರೆ ನೆಗೆಟಿವ್ ಬರಬಹುದು, ಯಾಕೆಂದರೆ ಸಾಮಾನ್ಯ ಪರೀಕ್ಷೆ ಹುಡುಕುವುದು ಬ್ಯಾಕ್ಟೀರಿಯಾವನ್ನಲ್ಲ, ಅದರ ವಿರುದ್ಧ ನಮ್ಮ ದೇಹ ತಯಾರಿಸುವ ಪ್ರತಿಕಾಯವನ್ನು, ಅದು ತಯಾರಾಗಲು ಐದಾರು ದಿನವಾದರೂ ಬೇಕು. ಹೀಗೆ ನಿಜವಾದ ಇಲಿ ಜ್ವರ ಒಂದು ದಾಖಲೆಯಲ್ಲೂ ಇಲಿ ಜ್ವರ ಅಂತ ಸೇರದೆ ಹೋಗುತ್ತದೆ. ಸಂಶೋಧಕರು ಮಳೆಯ ಅಂಕಿಯನ್ನೂ ಜ್ವರದ ಅಂಕಿಯನ್ನೂ ಒಂದೇ ವಾರಕ್ಕೆ ಇಟ್ಟು ನೋಡದೆ, ಒಂದು ವಾರ, ಎರಡು ವಾರ, ಮೂರು ವಾರ ಹಿಂದೆ ಸರಿಸಿ ಸರಿಸಿ ಹೋಲಿಸುವುದು ಇದಕ್ಕೇ.

ಒಂದು ಅಡ್ಡ ಮಾತು. ಕೊಡವರ ಕಕ್ಕಡ ತಿಂಗಳ 18ನೇ ದಿನ, ಅಂದರೆ ಆಗಸ್ಟ್ 3ರ ಹೊತ್ತಿಗೆ ನಮ್ಮಲ್ಲಿ ಮದ್ದು ಸೊಪ್ಪಿನ ಪಾಯಸ ತಿನ್ನುತ್ತೇವೆ, ಮಾರನೇ ದಿನ ಮೂತ್ರ ಕೆಂಪಾಗುತ್ತದೆ. ಹೊಸಬರು ಗಾಬರಿಯಾಗುತ್ತಾರೆ, ನಾವು ನಗುತ್ತೇವೆ. ಅದು ಸೊಪ್ಪಿನ ಬಣ್ಣ, ಏನೂ ಆಗಲ್ಲ. ಆದರೆ ಅದೇ ದಿನಗಳಲ್ಲಿ ಜ್ವರವೂ ಇದ್ದು, ಕಣ್ಣು ಹಳದಿಯಾಗಿ, ಮೂತ್ರ ಕಡಿಮೆಯಾಗಿ ಗಾಢ ಬಣ್ಣಕ್ಕೆ ತಿರುಗಿದರೆ ದಯವಿಟ್ಟು ಪಾಯಸದ ಮೇಲೆ ಹಾಕಬೇಡಿ. ಅದು ಇಲಿ ಜ್ವರ ಲಿವರ್ ಮತ್ತು ಕಿಡ್ನಿಗೆ ಇಳಿದ ಲಕ್ಷಣ ಇರಬಹುದು. ಬೇಗ ಹೋದರೆ ಸಾಮಾನ್ಯ ಆಂಟಿಬಯೋಟಿಕ್‌ನಲ್ಲೇ ವಾಸಿಯಾಗುವ ರೋಗ ಇದು. "ಗದ್ದೆಯಲ್ಲಿ ಕೆಲಸ ಮಾಡಿದ್ದೆ" ಅಂತ ಡಾಕ್ಟರಿಗೆ ನೀವೇ ಬಾಯಿಬಿಟ್ಟು ಹೇಳಿ.

ಈಗ ಎಣಿಕೆಗೆ ಬರೋಣ. ಇಡೀ ವಿಷಯದ ಗಂಟು ಇಲ್ಲಿದೆ ಅಂತ ನನ್ನ ಅಭಿಪ್ರಾಯ. ಒಂದು ಲೆಕ್ಕ ಮಾಡೋಣ, ಅಂಕಿಗಳೆಲ್ಲ ಸುಮ್ನೆ ಉದಾಹರಣೆಗೆ. ಒಂದು ಊರಲ್ಲಿ ಸ್ವಂತ ಮನೆಯವರು 900 ಜನ, ಲೈನ್ ಮನೆಯವರು 100 ಜನ. ಮಳೆಗಾಲದಲ್ಲಿ ಆಸ್ಪತ್ರೆ ರಿಜಿಸ್ಟರ್‌ನಲ್ಲಿ ಭೇದಿ ಅಂತ ಬಂದವರು ಸ್ವಂತ ಮನೆಗಳಿಂದ 18, ಲೈನ್ ಮನೆಗಳಿಂದ 4. ಮೇಲ್ನೋಟಕ್ಕೆ ಲೈನ್ ಮನೆಯಲ್ಲಿ ತೊಂದರೆಯೇ ಇಲ್ಲ ಅನಿಸುತ್ತದೆ. ಜನಸಂಖ್ಯೆಯಿಂದ ಭಾಗಿಸಿ ನೋಡಿ: ನೂರಕ್ಕೆ 2, ನೂರಕ್ಕೆ 4. ಆಗಲೇ ದುಪ್ಪಟ್ಟು. ಈಗ ಮನೆ ಮನೆಗೆ ಹೋಗಿ ಕೇಳಿದಾಗ ಲೈನ್ ಮನೆಯಲ್ಲಿ ಕಾಯಿಲೆ ಬಿದ್ದ ಮೂವರಲ್ಲಿ ಒಬ್ಬರು ಮಾತ್ರ ಆಸ್ಪತ್ರೆಗೆ ಹೋಗಿದ್ದರು ಅಂತ ಗೊತ್ತಾಯಿತು ಅಂದುಕೊಳ್ಳಿ. ನೂರಕ್ಕೆ 12. ರಿಜಿಸ್ಟರ್ ಸುಳ್ಳು ಹೇಳಿರಲಿಲ್ಲ. ಬಾಗಿಲಿಗೆ ಬಂದವರನ್ನು ಮಾತ್ರ ಎಣಿಸಿತ್ತು.

ಯಾಕೆ ಬರುವುದಿಲ್ಲ ಅಂತ ಕೇಳುವುದೇ ಬೇಡ. ಒಂದು ದಿನ ಹೋದರೆ ಆ ದಿನದ ಹಾಜರಿ ಇಲ್ಲ, ಕೂಲಿ ಇಲ್ಲ. ಬಸ್ಸು ಬೆಳಿಗ್ಗೆ ಒಂದು, ಸಂಜೆ ಒಂದು. ಮಗುವನ್ನು ಎಲ್ಲಿ ಬಿಡುವುದು? ಕಾಫಿ ಕೊಯ್ಲಿಗೆ ಅಸ್ಸಾಂನಿಂದ ಬಂದವರಿಗಂತೂ ಭಾಷೆಯೂ ಇಲ್ಲ. ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ಅವರ ಹೆಸರು ಇರುವುದು ಕಷ್ಟ, ಹೆಸರು ಬರೆಸುವ ಹೊತ್ತಿಗೆ ಬೇರೆ ತೋಟಕ್ಕೆ ಹೋಗಿರುತ್ತಾರೆ. ದೇಶದಲ್ಲಿ 2004ರಿಂದ ರೋಗ ಕಣ್ಗಾವಲು ಯೋಜನೆ ಇದೆ. ಆರೋಗ್ಯ ಕಾರ್ಯಕರ್ತೆ ಲಕ್ಷಣ ನೋಡಿ ಬರೆಯುವುದು, ಡಾಕ್ಟರು ಪರೀಕ್ಷಿಸಿ ಬರೆಯುವುದು, ಲ್ಯಾಬ್‌ನವರು ದೃಢಪಡಿಸಿ ಬರೆಯುವುದು ಅಂತ ಮೂರು ಹಂತ. ವ್ಯವಸ್ಥೆ ಚೆನ್ನಾಗೇ ಇದೆ. ಮೆಡಿಕಲ್ ಶಾಪಿನ ಎರಡು ಮಾತ್ರೆ ಮಾತ್ರ ಈ ಮೂರರಲ್ಲಿ ಯಾವುದರಲ್ಲೂ ಬರುವುದಿಲ್ಲ.

ಮನೆ ಮನೆಗೆ ಹೋಗಿ ಕೇಳಿದರೆ ಮುಗಿಯಿತಾ? ಹೇಗೆ ಕೇಳುತ್ತೀರಿ ಅನ್ನುವುದು ಇನ್ನೊಂದು ಕಥೆ. "ಭೇದಿ ಆಗಿತ್ತಾ?" ಅಂದರೆ ಒಬ್ಬೊಬ್ಬರಿಗೆ ಒಂದೊಂದು ಅರ್ಥ. ಅದಕ್ಕೇ 24 ಗಂಟೆಯಲ್ಲಿ ಮೂರು ಅಥವಾ ಹೆಚ್ಚು ಸಲ ನೀರಾಗಿ ಹೋಗಿದ್ದರೆ ಮಾತ್ರ ಭೇದಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಗೆರೆ ಎಳೆದಿದೆ. ಕಳೆದ ತಿಂಗಳ ವಿಷಯ ಕೇಳಿದರೆ ಯಾರಿಗೂ ನೆನಪಿರುವುದಿಲ್ಲ, ಒಂದು ವಾರ, ಹೆಚ್ಚೆಂದರೆ ಎರಡು ವಾರ ಅಂತ ಕೇಳಬೇಕು. ಯಾವ ಭಾಷೆಯಲ್ಲಿ ಕೇಳಬೇಕು? ಒಂದೇ ಪಂಚಾಯಿತಿಯಲ್ಲಿ ಕನ್ನಡ, ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತಮಿಳು, ತುಳು, ಎರವರ ಮಾತು, ಜೇನು ಕುರುಬರ ಮಾತು. ಕನ್ನಡದ ಪ್ರಶ್ನೆಗೆ ಹಾಡಿಯ ಅಜ್ಜಿ ತಲೆಯಾಡಿಸಿದರೆ ಅದು ಹೌದೋ, ಇಲ್ಲವೋ, ಬೇಗ ಹೋಗು ಮಾರಾಯ ಅಂತಲೋ?

ಪಕ್ಕದಲ್ಲಿ ಯಾರು ನಿಂತಿದ್ದಾರೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಬಾಟಲಿ ಅಕ್ಕನ ಜೊತೆ ನಾನೂ ಒಂದು ತೋಟದ ಲೈನ್ ಮನೆಗೆ ಹೋಗಿದ್ದೆ. ತೋಟದ ಲೆಕ್ಕ-ಹಾಜರಿ ನೋಡಿಕೊಳ್ಳುವ ರೈಟರ್ ಮರ್ಯಾದೆಗೆ ಅಂತ ಜೊತೆಗೇ ಬಂದರು. "ನೀರು ಹೇಗಿದೆ?" ಅಂತ ಕೇಳಿದ್ದಕ್ಕೆ ಅಲ್ಲಿದ್ದ ಹೆಂಗಸು, "ಚೆನ್ನಾಗಿದೆ ಅಕ್ಕಾ, ಏನೂ ತೊಂದರೆ ಇಲ್ಲ" ಅಂದಳು. ರೈಟರ್‌ಗೆ ಫೋನ್ ಬಂತು, ಸಿಗ್ನಲ್ ಹುಡುಕಿಕೊಂಡು ಆ ಕಡೆ ಹೋದರು. ಅವಳು ಒಳಗೆ ಹೋಗಿ ಒಂದು ಸ್ಟೀಲ್ ಬಿಂದಿಗೆ ತಂದು, ನೀರು ಚೆಲ್ಲಿ, ತಳ ತೋರಿಸಿದಳು. ಬೆರಳಿನಿಂದ ಒರೆಸಿ ತೆಗೆಯಬಹುದಾದಷ್ಟು ಕೆಂಪು ಕೆಸರು. "ಬಟ್ಟೆ ಕಟ್ಟಿ ಸೋಸಿದ ಮೇಲೆ ಇಷ್ಟು" ಅಂದಳು. ಬರೆದುಕೊಳ್ಳುವ ಫಾರಂನಲ್ಲಿ ಅದಕ್ಕೆ ಜಾಗ ಇರಲಿಲ್ಲ. ಅಕ್ಕ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆದುಕೊಂಡರು.

ಕೆಸರು ಬರೀ ನೋಡಲು ಅಸಹ್ಯ ಅಂತಲ್ಲ. ಬ್ಲೀಚಿಂಗ್ ಪೌಡರ್ ಹಾಕಿದರೆ ಕ್ಲೋರಿನ್ ಮೊದಲು ಆ ಕೆಸರಿನ ಜೊತೆ ಸೇರಿ ಖರ್ಚಾಗುತ್ತದೆ, ಕೆಸರಿನ ಕಣಗಳ ಮರೆಯಲ್ಲಿ ಬ್ಯಾಕ್ಟೀರಿಯಾ ಹಾಯಾಗಿ ಉಳಿದುಕೊಳ್ಳುತ್ತವೆ. ನಲ್ಲಿಯಲ್ಲಿ ಬರುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಅನ್ನುವ ನಿಯಮ ಕೆಸರು ನೀರಿನಲ್ಲಿ ಸುಲಭಕ್ಕೆ ಈಡೇರುವುದಿಲ್ಲ. ಅಂದ ಹಾಗೆ, ಪೌಡರ್ ಚೀಲದ ಬಾಯಿ ತೆರೆದಿಟ್ಟರೆ ಅದರ ಶಕ್ತಿ ಹೋಗುತ್ತದೆ. ಹೊಸದರಲ್ಲಿ ಶೇ. 33ರಷ್ಟು ಕ್ಲೋರಿನ್ ಇರುತ್ತದೆ. ಕೊಡಗಿನ ಜೂನ್ ತಿಂಗಳಲ್ಲಿ ಜಗಲಿ ಮೇಲೆ ಬಿಚ್ಚಿಟ್ಟ ಚೀಲದಲ್ಲಿ ಎಷ್ಟು ಉಳಿದಿರುತ್ತದೋ ದೇವರೇ ಬಲ್ಲ. ವಾಸನೆ ಇಲ್ಲದ ಬ್ಲೀಚಿಂಗ್ ಪೌಡರ್ ಸುಣ್ಣಕ್ಕೆ ಸಮ.

ಹಾಡಿಗಳ ವಿಷಯ ಬಂದಾಗ ಇನ್ನೊಂದು ಮಾತು ಹೇಳಲೇಬೇಕು. ಎರವ, ಪಣಿಯ, ಜೇನು ಕುರುಬ, ಬೆಟ್ಟ ಕುರುಬರ ಹಾಡಿಗಳಿಗೆ ರಕ್ತ ತೆಗೆದುಕೊಳ್ಳಲು, ಪ್ರಶ್ನೆ ಕೇಳಲು ಬರುವವರಿಗೆ ಬರವಿಲ್ಲ. ಕುಡಗೋಲು ಕಣ ರಕ್ತಹೀನತೆ (ಸಿಕಲ್ ಸೆಲ್) ಈ ಭಾಗದ ಆದಿವಾಸಿಗಳಲ್ಲಿ ಇರುವುದರಿಂದ 2023ರ ಜುಲೈನಲ್ಲಿ ಶುರುವಾದ ರಾಷ್ಟ್ರೀಯ ಅಭಿಯಾನದ ನಂತರ ತಪಾಸಣೆ ಇನ್ನೂ ಜಾಸ್ತಿಯಾಗಿದೆ. ಅದು ಬೇಕಾದದ್ದೇ. ಈ ರೋಗಕ್ಕೂ ನೀರಿಗೂ ನೇರ ಸಂಬಂಧ ಇದೆ: ಮೈಯಲ್ಲಿ ನೀರು ಕಡಿಮೆಯಾದರೆ, ಚಳಿಯಲ್ಲಿ ನೆಂದರೆ, ಕುಡಗೋಲಿನ ಆಕಾರಕ್ಕೆ ತಿರುಗಿದ ರಕ್ತಕಣಗಳು ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ಭಯಂಕರ ನೋವು ಕೊಡುತ್ತವೆ. ಬೇಸಿಗೆಯಲ್ಲಿ ನೀರಿಲ್ಲದೆ ದುಡಿಯುವುದು, ಮಳೆಗಾಲದಲ್ಲಿ ಸೋರುವ ಟಾರ್ಪಾಲಿನ ಕೆಳಗೆ ಮಲಗುವುದು ಎರಡೂ ಇಂಥವರಿಗೆ ಅಪಾಯ. ಆದರೆ ರಕ್ತ ಕೊಟ್ಟವರಿಗೆ ರಿಪೋರ್ಟ್ ಎಷ್ಟು ಸಲ ವಾಪಸ್ ಬಂತು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನಿಯಮಾವಳಿ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಅರ್ಥವಾಗುವ ಭಾಷೆಯಲ್ಲಿ ಹೇಳಬೇಕು, ಬೇಡ ಅಂದವರನ್ನು ಬಿಡಬೇಕು, ಓದಲು ಬಾರದವರು ಹೆಬ್ಬೆಟ್ಟು ಒತ್ತುವಾಗ ಸಂಬಂಧ ಇಲ್ಲದ ಸಾಕ್ಷಿ ಇರಬೇಕು, ಸಮುದಾಯದ ಹಿರಿಯರು ಒಪ್ಪಿದರೂ ಪ್ರತಿಯೊಬ್ಬರ ಒಪ್ಪಿಗೆ ಬೇರೆಯಾಗಿ ಬೇಕು. 2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯಲ್ಲಿ ಸರ್ಕಾರದವರೇ ಕೆಡವಿ ಗುಡಿಸಲು ಕಳೆದುಕೊಂಡ ಆದಿವಾಸಿಗಳಿಗೆ ಸರ್ಕಾರದ ಫಾರಂ ಕಂಡರೆ ಅನುಮಾನ ಬಂದರೆ ಅದು ಅಜ್ಞಾನ ಅಲ್ಲ, ಅನುಭವ.

ಇನ್ನು ಕಾರಣ ಹುಡುಕುವುದು. ಲೈನ್ ಮನೆಯಲ್ಲಿ ಕಾಯಿಲೆ ಜಾಸ್ತಿ, ಲೈನ್ ಮನೆಯ ನೀರು ಕೆಟ್ಟದ್ದು, ಹಾಗಾಗಿ ನೀರೇ ಕಾರಣ ಅಂತ ತಕ್ಷಣ ಹೇಳಲು ಆಗುವುದಿಲ್ಲ. ಅಲ್ಲಿ ಒಂದೇ ಕೋಣೆಯಲ್ಲಿ ಆರು ಜನ ಮಲಗುತ್ತಾರೆ, ಸೌದೆ ಒದ್ದೆ, ಕುದಿಸಲು ಆಗುವುದಿಲ್ಲ, ಮಕ್ಕಳ ತೂಕ ಕಡಿಮೆ. ಇವೆಲ್ಲ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಬಿಡಿಸಲು ಇರುವ ಒಂದು ದಾರಿ, ಅದೇ ಸಾಲಿನ ಮನೆಗಳಲ್ಲಿ ಕಾಯಿಲೆ ಬಿದ್ದವರನ್ನೂ ಬೀಳದವರನ್ನೂ ಹಿಡಿದು, ಯಾರು ಯಾವ ನೀರು ಕುಡಿದರು ಅಂತ ಹೋಲಿಸುವುದು. ಬಡತನ ಇಬ್ಬರಿಗೂ ಒಂದೇ, ನೀರು ಮಾತ್ರ ಬೇರೆ ಅಂತಾದರೆ ಆಗ ನೀರಿನ ಕಡೆ ಬೆರಳು ತೋರಿಸಬಹುದು. ಇನ್ನೊಂದು ದಾರಿ, ಬಾವಿ ಸರಿ ಮಾಡಿ ಮುಂದಿನ ಮಳೆಗಾಲದಲ್ಲಿ ಮತ್ತೆ ಎಣಿಸುವುದು.

ಎರಡನೆಯದನ್ನು ನಮ್ಮ ಮನೆಯಲ್ಲಿ ಮಾಡಿದೆವು, ಸಂಶೋಧನೆ ಅಂತೇನಲ್ಲ, ಅಮ್ಮನ ಮರ್ಯಾದೆ ಪ್ರಶ್ನೆ. ಬಾವಿಗೆ ಎರಡು ಅಡಿ ಕಟ್ಟೆ ಏರಿಸಿ, ಸುತ್ತ ಸಿಮೆಂಟ್ ಹಾಕಿ, ಬಲೆ ಮುಚ್ಚಿದೆವು. ನಮ್ಮ ಹಳೇ ಕಕ್ಕಸು ಗುಂಡಿ ಮುಚ್ಚಿ ಬಾವಿಗಿಂತ ಕೆಳಗೆ ಹೊಸದು ತೆಗೆಸಿದೆವು. ಪೌಡರ್ ಲೆಕ್ಕ ನಾನೇ ಹಾಕಿದೆ: ಬಾವಿಯ ಅಗಲ ಒಂದೂವರೆ ಮೀಟರ್, ನೀರಿನ ಆಳ ನಾಲ್ಕು ಮೀಟರ್. ಅಗಲವನ್ನು ಅಗಲದಿಂದ ಗುಣಿಸಿ, ಆಳದಿಂದ ಗುಣಿಸಿ, 3.14ರಿಂದ ಗುಣಿಸಿ, 4ರಿಂದ ಭಾಗಿಸಿದರೆ ಸುಮಾರು 7 ಘನ ಮೀಟರ್, ಅಂದರೆ 7,000 ಲೀಟರ್. ತಿಳಿ ನೀರಿಗೆ 1,000 ಲೀಟರಿಗೆ 2.5 ಗ್ರಾಂ ಒಳ್ಳೆ ಪೌಡರ್ ಅಂತ ಲೆಕ್ಕ, ಅಲ್ಲಿಗೆ ಹದಿನೆಂಟು ಗ್ರಾಂ. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಇಳಿದ ಮೇಲೆ ತಿಳಿಯನ್ನು ಮಾತ್ರ ಬಾವಿಗೆ ಬಿಟ್ಟು, ಕೊಡದಿಂದ ಚೆನ್ನಾಗಿ ಕಲಕಿ, ಒಂದು ಗಂಟೆ ಯಾರೂ ನೀರು ಸೇದಲಿಲ್ಲ. ಕುಡಿಯುವ ನೀರನ್ನು ಈಗಲೂ ಕುದಿಸುತ್ತೇವೆ. "ರುಚಿ ಹೋಯ್ತು" ಅಂತ ಅಮ್ಮ ದಿನಾ ಹೇಳುತ್ತಾರೆ.

ಜೂನ್‌ನಲ್ಲಿ ಬಾಟಲಿ ಕಪ್ಪಾಗಲಿಲ್ಲ. ಜುಲೈ ಮೊದಲ ವಾರವೂ ಇಲ್ಲ. ಅಮ್ಮ ಗೆದ್ದವರ ಹಾಗೆ ಓಡಾಡಿದರು. ಜುಲೈ ಕೊನೆಗೆ ಮೂರು ದಿನದಲ್ಲಿ ಹದಿನಾಲ್ಕು ಇಂಚು ಬಿತ್ತು, ಅಪ್ಪನ ಡೈರಿಯಲ್ಲಿದೆ. ನಾಲ್ಕನೇ ದಿನ ತುಂಬಿಸಿಟ್ಟ ಬಾಟಲಿ ಮತ್ತೆ ಕಪ್ಪು. ಈ ಸಲ ಅನುಮಾನ ನಮ್ಮ ಗುಂಡಿ ಮೇಲಲ್ಲ, ಮೇಲಿನ ಮನೆಯವರ ಗುಂಡಿ ಮೇಲೆ. ಅದು ಬೇಲಿಯಾಚೆ ಇಪ್ಪತ್ತು ಮೀಟರ್ ದೂರ, ಪಠ್ಯಪುಸ್ತಕದ ಲೆಕ್ಕದಲ್ಲಿ ಸರಿಯಾಗೇ ಇದೆ. ಅವರ ಹತ್ತಿರ ಈ ವಿಷಯ ಎತ್ತುವುದು ಹೇಗೆ ಅಂತ ಮನೆಯಲ್ಲಿ ಚರ್ಚೆ ನಡೆಯುತ್ತಿದೆ. ಮೊದಲೇ ಬೇಲಿ ವಿಷಯಕ್ಕೆ ಅಷ್ಟಕ್ಕಷ್ಟೇ. ಕೈಲ್‌ಪೊಳ್ದ್ ಹಬ್ಬ ಕಳೆಯಲಿ, ಊಟಕ್ಕೆ ಕರೆಯುತ್ತಾರಲ್ಲ, ಆಗ ಮೆಲ್ಲಗೆ ಹೇಳೋಣ ಅಂತ ಅಪ್ಪ ಹೇಳಿದ್ದಾರೆ.